ಬ್ಯಾಡಗಿಯಿಂದ ಬೆಂಗಳೂರಿನ ಬಾಲ್ಕನಿವರೆಗೆ: ನನ್ನ ಹದಿನಾಲ್ಕು ತಿಂಗಳು

ಮೊನ್ನೆ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. ಅವಳದು ಡಿಗ್ರಿ ಕೊನೆಯ ವರ್ಷ. "ಅಕ್ಕಾ, ಪರೀಕ್ಷಾ ಮುಗದ ಕೂಡ್ಲೇ ನಾನೂ ಬೆಂಗಳೂರಿಗೆ ಬರ್ತೀನಿ. ನಿನ್ನ ಸ್ಟೇಟಸ್ ನೋಡೇ ಗಟ್ಟಿ ಮಾಡೀನಿ" ಅಂದಳು. ಯಾವ ಸ್ಟೇಟಸ್ ಅಂತ ಕೇಳಿದೆ. ಚರ್ಚ್ ಸ್ಟ್ರೀಟಿನ ಕೆಫೆಯಲ್ಲಿ ಕಿಟಕಿ ಪಕ್ಕ ಕೂತು ತೆಗೆಸಿಕೊಂಡ ಫೋಟೊ ಅಂತೆ.

ಆ ಫೋಟೊ ನನಗೆ ಚೆನ್ನಾಗಿ ನೆನಪಿದೆ. ಒಂದು ಕಾಫಿಗೆ 240 ರೂಪಾಯಿ. ನಾಲ್ಕು ಜನ ಸೇರಿ ಎರಡು ಕಾಫಿ ತಗೊಂಡಿದ್ದೆವು. ತಿಂಗಳ ಕೊನೆ. ನನ್ನ ಖಾತೆಯಲ್ಲಿ ಆರುನೂರು ಚಿಲ್ಲರೆ ಉಳಿದಿತ್ತು. ಇದ್ಯಾವುದೂ ಫೋಟೊದಲ್ಲಿ ಇಲ್ಲ. ಯಾವ ಚಿತ್ರ ನೋಡಿ ನಾನು ಊರು ಬಿಟ್ಟಿದ್ದೆನೋ ಅಂಥದ್ದೇ ಚಿತ್ರವನ್ನು ನಾನೂ ಊರಿಗೆ ಕಳಿಸಿದ್ದೆ. ಅವಳು ಫೋನ್ ಮಾಡಿದ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ, ಅವಳ ಹಾಗೆ ಬ್ಯಾಗು ಕಟ್ಟಿಕೊಳ್ಳುತ್ತಿರುವ ಎಲ್ಲರಿಗೆ. ಬರಬೇಡಿ ಅಂತ ಹೇಳೋಕೆ ಅಲ್ಲ. ನಾನಂತೂ ಬಂದಿದ್ದೇನೆ, ಇಲ್ಲೇ ಇರುತ್ತೇನೆ.

ನಮ್ಮದು ಬ್ಯಾಡಗಿ. ಮೆಣಸಿನಕಾಯಿ ಊರು. ಸೋಮವಾರ, ಗುರುವಾರ ಮಾರುಕಟ್ಟೆ. ಸುಗ್ಗಿ ಕಾಲದಲ್ಲಿ ಬಸ್ಸಿಳಿದವರು ಮೊದಲು ಸೀನುತ್ತಾರೆ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಂದರೆ ಕೈಯೆಲ್ಲ ಉರಿ. ತಣ್ಣೀರಲ್ಲಿ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಎರಡೂ ಅಂಗೈ ಮೇಲೆ ಮಾಡಿಕೊಂಡು ಟಿವಿ ಮುಂದೆ ಕೂರುತ್ತಾಳೆ. ಪಕ್ಕದಲ್ಲಿ ನಾನು. ಹೈಸ್ಕೂಲಿನಿಂದ ಡಿಗ್ರಿವರೆಗೆ ನನ್ನ ಸಂಜೆಗಳು ಹೀಗೇ ಕಳೆದವು.

ಆ ಧಾರಾವಾಹಿಗಳ ಕಥೆ ನನಗೆ ಅಷ್ಟು ನೆನಪಿಲ್ಲ. ನೆನಪಿರೋದು ಮನೆ. ಹುಡುಗಿ ಆಫೀಸಿನಿಂದ ಬರುತ್ತಾಳೆ. ಬ್ಯಾಗಿನಿಂದ ಕೀ ತೆಗೆದು ತನ್ನ ಬಾಗಿಲು ತಾನೇ ತೆರೆಯುತ್ತಾಳೆ. ದೊಡ್ಡ ಕಿಟಕಿ, ಬಿಳಿ ಪರದೆ, ಆಚೆ ಬಾಲ್ಕನಿ, ಅದರಾಚೆ ಇಡೀ ಬೆಂಗಳೂರಿನ ದೀಪ. ಕಪ್ಪು ಹಿಡಿದು ಅಲ್ಲಿ ನಿಲ್ಲುತ್ತಾಳೆ. ಎಲ್ಲಿಗೆ ಹೋಗಿದ್ದೆ, ಯಾಕೆ ತಡ ಅಂತ ಅವಳನ್ನು ಯಾರೂ ಕೇಳಲ್ಲ. ನಮ್ಮ ಮನೆಯಲ್ಲಿ ಎರಡು ಕೋಣೆ, ಐದು ಜನ. ನಾನು ಒಬ್ಬಳೇ ಮಲಗಿದ ರಾತ್ರಿ ಒಂದೂ ಇಲ್ಲ. ಈಗ ಯೋಚಿಸಿದರೆ ನನಗೆ ಬೇಕಿದ್ದದ್ದು ಸೋಫಾ, ಪರದೆ ಯಾವುದೂ ಅಲ್ಲ. ಆ ಕೀ.

ಆಮೇಲೆ ಕೈಗೆ ಫೋನ್ ಬಂತು. ರೀಲ್ಸ್ ಬಂತು. "ಬೆಂಗಳೂರಲ್ಲಿ ನನ್ನ ಒಂದು ದಿನ" ಅನ್ನೋ ವಿಡಿಯೊಗಳನ್ನು ಸೇವ್ ಮಾಡಿ ಇಡುತ್ತಿದ್ದೆ. ಎಂಬತ್ತಕ್ಕೂ ಜಾಸ್ತಿ ಆಗಿದ್ದವು. ಬೆಳಗ್ಗೆ ಏಳೋದು, ಮೆಟ್ರೋ ಹತ್ತೋದು, ಗಾಜಿನ ಕಟ್ಟಡ, ಕುತ್ತಿಗೆಗೆ ಐಡಿ ಕಾರ್ಡು, ಶನಿವಾರ ಕೆಫೆ. ಒಂದು ವಿಡಿಯೊದಲ್ಲೂ ಯಾರೂ ಬಟ್ಟೆ ಒಗೆಯಲ್ಲ. ಬಾಡಿಗೆ ಕಟ್ಟಲ್ಲ. ಆಗ ಇದು ನನಗೆ ಹೊಳೆದಿರಲೇ ಇಲ್ಲ.

ಬಿ.ಕಾಂ. ಮುಗಿಸಿದ್ದು 2023ರಲ್ಲಿ. ಒಂದು ವರ್ಷ ಊರಿನ ದಲಾಲಿ ಅಂಗಡಿಯೊಂದರಲ್ಲಿ ಟ್ಯಾಲಿ ಅನ್ನೋ ಸಾಫ್ಟ್‌ವೇರಿನಲ್ಲಿ ಲೆಕ್ಕ ಬರೆದೆ. ತಿಂಗಳಿಗೆ ಏಳು ಸಾವಿರ. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಬಿದ್ದು, ರೈತರು ಸಿಟ್ಟಿಗೆದ್ದು, ಮಾರುಕಟ್ಟೆಯಲ್ಲಿ ಗಾಡಿಗಳಿಗೆ ಬೆಂಕಿ ಬಿದ್ದದ್ದನ್ನು ನೀವು ಸುದ್ದಿಯಲ್ಲಿ ನೋಡಿರಬಹುದು. ಆಮೇಲೆ ಕೆಲವು ದಿನ ನಮ್ಮ ಅಂಗಡಿಯಲ್ಲಿ ಕೆಲಸವೇ ಇರಲಿಲ್ಲ. ಹೊರಡಬೇಕು ಅಂತ ಗಟ್ಟಿ ಮಾಡಿದ್ದು ಆಗಲೇ.

ಅಪ್ಪ ಒಪ್ಪೋಕೆ ಎರಡು ತಿಂಗಳು ಬೇಕಾಯಿತು. "ಅಲ್ಲಿ ನಮಗ ಯಾರ್ ಅದಾರ? ದಿನಾ ಟಿವ್ಯಾಗ ನೋಡ್ತೀವಲ್ಲ, ಅಲ್ಲಿ ಹೆಣ್ಮಕ್ಕಳಿಗೆ ಏನೇನ್ ಆಗ್ತೈತಿ" ಅನ್ನುತ್ತಿದ್ದರು. ಅಪ್ಪ ನೋಡುತ್ತಿದ್ದದ್ದು ರಾತ್ರಿಯ ಅಪರಾಧ ಸುದ್ದಿ. ನಾನು ನೋಡುತ್ತಿದ್ದದ್ದು ಅದಕ್ಕೂ ಮೊದಲಿನ ಧಾರಾವಾಹಿ. ಒಂದೇ ಟಿವಿ, ಒಂದೇ ಊರು. ಅವರಿಗೆ ಭಯ ಬಂತು, ನನಗೆ ಆಸೆ ಬಂತು. ನಿಜವಾದ ಬೆಂಗಳೂರನ್ನು ಇಬ್ಬರೂ ಸರಿಯಾಗಿ ನೋಡಿರಲಿಲ್ಲ. ನಾನು ಒಮ್ಮೆ ಕಾಲೇಜು ಟ್ರಿಪ್ಪಿನಲ್ಲಿ ವಿಧಾನಸೌಧದ ಎದುರು ಫೋಟೊ ತೆಗೆಸಿಕೊಂಡು, ಲಾಲ್‌ಬಾಗ್ ಸುತ್ತಿ ಬಂದಿದ್ದೆ, ಅಷ್ಟೇ. ಕೊನೆಗೆ ಅವ್ವನೇ ಮಾತಾಡಿದಳು. "ನನ್ನ ಕೈ ಉರಿ ಅಕಿಗೆ ಬ್ಯಾಡ, ಹೋಗ್ಲಿ ಬಿಡ್ರಿ" ಅಂದಳು. ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ ಬರೋ ಎರಡು ಸಾವಿರವನ್ನು ಕೂಡಿಟ್ಟು, ಹದಿನಾಲ್ಕು ಸಾವಿರ ಕೈಗೆ ಕೊಟ್ಟಳು. ಆ ದುಡ್ಡು ಇಲ್ಲದಿದ್ದರೆ ಈ ಕಥೆ ಇಲ್ಲ.

2024ರ ಜೂನ್ ಎರಡನೇ ವಾರ ಹಾವೇರಿಗೆ ಬಂದು ಕೆಂಪು ಬಸ್ಸು ಹತ್ತಿದೆ. ಶಕ್ತಿ ಯೋಜನೆಯಿಂದ ಟಿಕೆಟ್ ಸೊನ್ನೆ. ಇದು ಸಾಮಾನ್ಯ ಬಸ್ಸುಗಳಿಗೆ ಮಾತ್ರ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ದುಡ್ಡು ಕೊಡಲೇಬೇಕು. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ತೋರಿಸಬೇಕು. ಬೆಂಗಳೂರಿನೊಳಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೂ ಹೀಗೇ. ಸಂಬಳ ಬರೋವರೆಗೆ ನಾನು ಊರೆಲ್ಲ ಓಡಾಡಿದ್ದು ಇದರಲ್ಲೇ.

ಮೊದಲು ಉಳಿದದ್ದು ಲಗ್ಗೆರೆಯ ಮಾಮನ ಮನೆಯಲ್ಲಿ. ಅತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು, ಮೂರು ಡಬ್ಬಿ ಕಟ್ಟಿ, ಏಳೂವರೆಗೆಲ್ಲ ಮನೆ ಬಿಡುತ್ತಾರೆ. ಒಂದು ರಾತ್ರಿ ನನ್ನ ಫೋನಿನಲ್ಲಿ ಆ ವಿಡಿಯೊಗಳನ್ನು ತೋರಿಸಿದೆ. ಸುಮ್ನೆ ನೋಡಿದರು. "ಇಪ್ಪತ್ತು ವರ್ಷ ಆತವ್ವಾ ನಾ ಬಂದು. ಈ ಓಣಿ ನಾ ನೋಡೇ ಇಲ್ಲ" ಅಂದರು. ಅಷ್ಟೇ ಹೇಳಿ ಮಲಗಿದರು.

ಕೆಲಸ ಹುಡುಕೋದಕ್ಕೆ ಹತ್ತು ವಾರ ಹಿಡಿಯಿತು. ದಿನಾ ಇಪ್ಪತ್ತು ಮೂವತ್ತು ಕಡೆ ಅರ್ಜಿ ಹಾಕುತ್ತಿದ್ದೆ. ಮೂರನೇ ವಾರ ಒಂದು ಕನ್ಸಲ್ಟೆನ್ಸಿಯಿಂದ ಕರೆ ಬಂತು. ಗಾಜಿನ ಬಾಗಿಲು, ರಿಸೆಪ್ಷನ್, ತಣ್ಣನೆಯ ಎ.ಸಿ. ನನ್ನ ಮನಸ್ಸಿನಲ್ಲಿದ್ದ ಆಫೀಸ್ ಹೇಗಿತ್ತೋ ಹಾಗೇ ಇತ್ತು. ನಾನು ಮೋಸ ಹೋದದ್ದು ಆ ನೋಟಕ್ಕೇ. ಹತ್ತು ನಿಮಿಷ ಮಾತಾಡಿಸಿ "ಸೆಲೆಕ್ಟ್ ಆಗಿದ್ದೀರಿ, ಫೈಲ್ ಚಾರ್ಜ್ 3,500 ಕಟ್ಟಿ" ಅಂದರು. ಕಟ್ಟಿದೆ. ಆಫರ್ ಲೆಟರ್ ಮೇಲ್‌ನಲ್ಲಿ ಬಂತು. ಅದರಲ್ಲಿದ್ದ ಕಂಪನಿಗೆ ಹೋದರೆ ಅಲ್ಲಿನವರಿಗೆ ವಿಷಯವೇ ಗೊತ್ತಿಲ್ಲ. ವಾಪಸ್ ಬಂದಾಗ ಆ ಕನ್ಸಲ್ಟೆನ್ಸಿಯವರು ಫೋನ್ ಎತ್ತಲಿಲ್ಲ. ಅವ್ವನ ದುಡ್ಡಿನಲ್ಲಿ ಕಾಲು ಭಾಗ ಹೋಯಿತು. ಮಾಮನ ಮನೆಯ ಟೆರೇಸಿಗೆ ಹೋಗಿ ಅತ್ತುಬಿಟ್ಟೆ. ಮನೆಗೆ ಹೇಳಿದ್ದು ಆರು ತಿಂಗಳ ಮೇಲೆ.

ಇದನ್ನು ದಯವಿಟ್ಟು ನೆನಪಿಡಿ. ಕೆಲಸ ಕೊಡೋವರು ನಿಮಗೆ ಸಂಬಳ ಕೊಡಬೇಕು, ನಿಮ್ಮಿಂದ ದುಡ್ಡು ತಗೊಳ್ಳಬಾರದು. ರಿಜಿಸ್ಟ್ರೇಷನ್, ಟ್ರೇನಿಂಗ್, ಲ್ಯಾಪ್‌ಟಾಪ್ ಡಿಪಾಸಿಟ್, ಯಾವ ಹೆಸರಲ್ಲಿ ಕೇಳಿದರೂ ಎದ್ದು ಬನ್ನಿ. ಆಫರ್ ಲೆಟರ್ ಕಂಪನಿಯ ಸ್ವಂತ ಮೇಲ್ ವಿಳಾಸದಿಂದ ಬಂದಿದೆಯಾ ನೋಡಿ. ಕಂಪನಿ ನೋಂದಣಿ ಆಗಿದೆಯಾ ಅಂತ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು. ಆನ್‌ಲೈನಿನಲ್ಲಿ ದುಡ್ಡು ಕಳಿಸಿ ಮೋಸ ಹೋದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನನಗೆ ಆ ನಂಬರ್ ಗೊತ್ತಾದದ್ದು ಆಮೇಲೆ.

ಆಗಸ್ಟ್ ಮೂರನೇ ವಾರ ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಬಿಲ್ಲುಗಳನ್ನು ತಾಳೆ ನೋಡೋ ಬ್ಯಾಕ್ ಆಫೀಸ್ ಕೆಲಸ. ದಲಾಲಿ ಅಂಗಡಿಯಲ್ಲಿ ಕಲಿತ ಟ್ಯಾಲಿಯೇ ನನ್ನ ಕೈ ಹಿಡಿಯಿತು. ವರ್ಷಕ್ಕೆ ಸಿಟಿಸಿ (ಕಂಪನಿ ನಮ್ಮ ಮೇಲೆ ಮಾಡೋ ಒಟ್ಟು ಖರ್ಚು) 2 ಲಕ್ಷ 40 ಸಾವಿರ. ಅಂದರೆ ತಿಂಗಳಿಗೆ ಇಪ್ಪತ್ತು ಸಾವಿರ ಅಂತ ಲೆಕ್ಕ ಹಾಕಿ ಮನೆಗೂ ಹೇಳಿಬಿಟ್ಟೆ. ಕೈಗೆ ಬಂದದ್ದು 16,400. ಯಾಕೆ ಅಂತ ಯಾರೂ ಬಿಡಿಸಿ ಹೇಳಲ್ಲ, ಹಾಗಾಗಿ ನಾನು ಹೇಳುತ್ತೇನೆ. ನನ್ನ ಬೇಸಿಕ್ (ಮೂಲ ಸಂಬಳ) 12,000. ಅದರ ಶೇ. 12, ಅಂದರೆ 1,440 ರೂಪಾಯಿ, ಕಂಪನಿ ಪಿ.ಎಫ್.ಗೆ (ಭವಿಷ್ಯ ನಿಧಿಗೆ) ಕಟ್ಟುತ್ತದೆ. ಆ ದುಡ್ಡೂ ಸಿಟಿಸಿಯ ಒಳಗೇ ಸೇರಿರುತ್ತದೆ. ನನ್ನ ಪಾಲು ಅಂತ ಇನ್ನೂ 1,440 ಹೋಗುತ್ತದೆ. ಸಂಬಳ 21,000 ದಾಟದವರಿಗೆ ಇ.ಎಸ್.ಐ. ಅನ್ನೋ ಆರೋಗ್ಯ ವಿಮೆ ಇದೆ. ಕಂಪನಿಯದು ಶೇ. 3.25, ನಮ್ಮದು ಶೇ. 0.75. ಪಿ.ಎಫ್. ದುಡ್ಡು ನಮ್ಮದೇ, ಎಲ್ಲೂ ಹೋಗಲ್ಲ. ಆದರೆ ಬಾಡಿಗೆ ಕಟ್ಟೋಕೆ ಬರಲ್ಲ. ಆಫರ್ ಬಂದಾಗ "ಕೈಗೆ ಎಷ್ಟು ಬರುತ್ತೆ" ಅಂತ ಎಚ್.ಆರ್. ಅವರನ್ನು ನೇರವಾಗಿ ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನೊಂದು ಪೆಟ್ಟು ನಾನು ಯೋಚಿಸಿಯೇ ಇರಲಿಲ್ಲ. ಇಪ್ಪತ್ತನೇ ತಾರೀಕಿನ ಮೇಲೆ ಸೇರಿದವರಿಗೆ ಆ ತಿಂಗಳ ಸಂಬಳ ಮುಂದಿನ ತಿಂಗಳ ಜೊತೆಗೇ ಬರುತ್ತದಂತೆ. ನಾನು ಸೇರಿದ್ದು 26ಕ್ಕೆ. ಮೊದಲ ಸಂಬಳ ಕಂಡದ್ದು ಸೆಪ್ಟೆಂಬರ್ 30ಕ್ಕೆ. ಮೂವತ್ತೈದು ದಿನ ಕೆಲಸಕ್ಕೆ ಹೋದರೂ ಕೈಯಲ್ಲಿ ಕಾಸಿಲ್ಲ. ಬರುವಾಗ ಕೆಲಸ ಹುಡುಕೋ ತಿಂಗಳುಗಳಿಗೆ ಇಟ್ಟುಕೊಳ್ಳುವಷ್ಟೇ ಅಲ್ಲ, ಕೆಲಸ ಸಿಕ್ಕ ಮೇಲಿನ ತಿಂಗಳಿಗೂ ದುಡ್ಡು ಇಟ್ಟುಕೊಳ್ಳಿ.

ದಾಖಲೆಗಳದ್ದು ಬೇರೆಯೇ ಕಥೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಮೂರೂ ಇವೆ. ನಮ್ಮ ಕಡೆ ಬರೆಯೋದೇ ಹಾಗೆ. ಆಧಾರ್‌ನಲ್ಲಿ ನನ್ನ ಹೆಸರು, ಮುಂದೆ ಒಂದು ಅಕ್ಷರ, ಅಷ್ಟೇ. ಊರಲ್ಲಿ ಇದು ಯಾರಿಗೂ ತಕರಾರಾಗಿರಲಿಲ್ಲ. ಇಲ್ಲಿ ಕಂಪನಿಯ ದಾಖಲೆ ಪರಿಶೀಲನೆ ಅಲ್ಲೇ ನಿಂತಿತು. ಮೂವತ್ತು ದಿನದಲ್ಲಿ ಸರಿ ಮಾಡಿಸಬೇಕು ಅಂದರು. ಆಧಾರ್ ಕೇಂದ್ರದಲ್ಲಿ ಬೆಳಗ್ಗೆ ಟೋಕನ್ ಕೊಡುತ್ತಿದ್ದರು. ಮೊದಲ ದಿನ ಎಂಟಕ್ಕೆ ಹೋದೆ, ಟೋಕನ್ ಮುಗಿದಿತ್ತು. ಎರಡನೇ ದಿನ ಸರ್ವರ್ ಇರಲಿಲ್ಲ. ಮೂರನೇ ಸಲ ಆರಕ್ಕೆ ಹೋಗಿ ನಿಂತೆ, ಆಯಿತು. ಆಗ ಐವತ್ತು ರೂಪಾಯಿ ಶುಲ್ಕ ಇತ್ತು, ಜೊತೆಗೆ ಎರಡು ಅರ್ಧ ದಿನದ ಸಂಬಳ ಕಡಿತ. ಹೊಸ ಆಧಾರ್ ಬರೋಕೆ ಹನ್ನೊಂದು ದಿನ.

ನನ್ನ ಸಾಲಿನಲ್ಲಿ ನಿಂತಿದ್ದ ಇನ್ನೊಬ್ಬಳು ಹುಡುಗಿ ಕೊಪ್ಪಳದವಳು. ಅವಳದ್ದೂ ಇದೇ ತೊಂದರೆ. ಹಾಗಾಗಿ ಊರು ಬಿಡೋ ಮೊದಲೇ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಮೊದಲು ಆಧಾರ್ ಸರಿ ಮಾಡಿಸಿ. ಪ್ಯಾನ್ ಇಲ್ಲದಿದ್ದರೆ ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ಆಧಾರ್ ಮೇಲೆ ಇ-ಪ್ಯಾನ್ ಪುಕ್ಕಟೆ ಸಿಗುತ್ತದೆ, ಆದರೆ ಆಧಾರ್‌ನಲ್ಲಿರೋ ಹೆಸರೇ ಅದರಲ್ಲೂ ಬರುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಜೀವನದಲ್ಲಿ ಎರಡೇ ಸಲ ಅವಕಾಶ. ನೋಡಿ ಬರೆಸಿ.

ಇನ್ನು ಪಿ.ಜಿ., ಅಂದರೆ ತಿಂಗಳಿಗೆ ದುಡ್ಡು ಕೊಟ್ಟು ಇರೋ ಹಾಸ್ಟೆಲ್. ಮಾರತಹಳ್ಳಿಯಲ್ಲಿ ಮೂರು ಜನರ ಕೋಣೆ. ಊಟ ಸೇರಿ 7,500. ಅಡ್ವಾನ್ಸ್ 10,000, ಅದರಲ್ಲಿ 2,500 ಮೇಂಟೆನೆನ್ಸ್ ಅಂತ ವಾಪಸ್ ಬರಲ್ಲ. ಫೋಟೊ ನೋಡಿ ಫೋನಿನಲ್ಲೇ ಒಪ್ಪಿದ್ದೆ. ಫೋಟೊದಲ್ಲಿ ಕಿಟಕಿ ಇತ್ತು. ನಿಜಕ್ಕೂ ಕಿಟಕಿ ಇತ್ತು. ತೆರೆದರೆ ಎರಡು ಕಟ್ಟಡಗಳ ನಡುವಿನ ಸಂದು. ಪೈಪುಗಳು, ಎದುರು ಗೋಡೆ. ಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕಬೇಕು. ಕೋಣೆಯನ್ನು ನಡೆದು ಅಳೆದೆ. ಹತ್ತು ಅಡಿ, ಹನ್ನೊಂದು ಅಡಿ. ಮೂರು ಮಂಚ, ಮೂರು ಬೀರು, ಮಧ್ಯೆ ಒಬ್ಬರು ನಿಲ್ಲೋ ಜಾಗ. ಮೊದಲ ರಾತ್ರಿ ಬಾಗಿಲ ಕೀ ಕೇಳಿದೆ. ಮೂವರಿಗೂ ಸೇರಿ ಒಂದೇ, ಕೆಳಗೆ ವಾರ್ಡನ್ ಹತ್ತಿರ ಇರುತ್ತದೆ ಅಂದರು.

ನನಗೆ ಜಾಸ್ತಿ ಕಷ್ಟ ಕೊಟ್ಟದ್ದು ಬಟ್ಟೆ. ಅರವತ್ತು ಹುಡುಗಿಯರಿಗೆ ಟೆರೇಸಿನ ಮೇಲೆ ಎಂಟು ಹಗ್ಗ. ಬೆಳಗ್ಗೆ ಐದೂವರೆಗೆ ಹೋದರೆ ಜಾಗ. ಮಳೆ ಬಂದರೆ ಎಲ್ಲ ಕೋಣೆಯೊಳಗೆ, ಮಂಚದ ಕಂಬಿಗೆ. ಒಣಗದ ಬಟ್ಟೆಯ ಮುಗ್ಗಲು ವಾಸನೆ ತಲೆಗೂದಲಿಗೂ ಹತ್ತುತ್ತಿತ್ತು. ಆ ವಾಸನೆಯ ಕುರ್ತಾ ಹಾಕಿಕೊಂಡು ಆಫೀಸಿನ ಲಿಫ್ಟಿನಲ್ಲಿ ನಿಂತಾಗ ಪಕ್ಕದವರಿಗೆ ಗೊತ್ತಾಗುತ್ತಿದೆ ಅನ್ನಿಸಿ ಮೈ ಹಿಡಿಯಾಗುತ್ತಿತ್ತು. ಒಂದು ದಿನ ಅವ್ವ ವಿಡಿಯೊ ಕಾಲ್ ಮಾಡಿ "ಕ್ವಾಣಿ ತೋರ್ಸವ್ವಾ" ಅಂದಳು. ನೆಟ್‌ವರ್ಕ್ ಇಲ್ಲ ಅಂತ ಹೇಳಿ ಕಟ್ ಮಾಡಿದೆ. ಕೆಳಗಿಳಿದು ಹೋಗಿ, ಎದುರಿನ ಬೇಕರಿಯ ದೀಪದ ಮುಂದೆ ನಿಂತು ವಾಪಸ್ ಫೋನ್ ಮಾಡಿದೆ. ಆ ಸುಳ್ಳು ಇವತ್ತಿಗೂ ಚುಚ್ಚುತ್ತದೆ.

ಪಿ.ಜಿ. ನೋಡೋಕೆ ಹಗಲು ಒಮ್ಮೆ, ರಾತ್ರಿ ಊಟದ ಹೊತ್ತಿಗೆ ಒಮ್ಮೆ ಹೋಗಿ. ಕಿಟಕಿ ತೆರೆದು ನೋಡಿ. ಬಟ್ಟೆ ಎಲ್ಲಿ ಒಣಗಿಸೋದು ಅಂತ ಕೇಳಿ. ಅಡ್ವಾನ್ಸಿನಲ್ಲಿ ಎಷ್ಟು ವಾಪಸ್, ಎಷ್ಟು ದಿನ ಮೊದಲು ಹೇಳಬೇಕು, ಇದನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಬಾಯಿಮಾತು ಬಿಡುವ ದಿನ ಯಾರಿಗೂ ನೆನಪಿರಲ್ಲ.

ಅದೇ ಕೋಣೆಯಲ್ಲಿ ಸಿಕ್ಕಿದ್ದು ಶಿರಾ ಕಡೆಯ ಹುಡುಗಿ. ಹೊಲಿಗೆ ಕಲಿತವಳು, ಧಾರಾವಾಹಿಯೊಂದರ ಕಾಸ್ಟ್ಯೂಮ್ ವಿಭಾಗದಲ್ಲಿ ಸಹಾಯಕಿ. 2025ರ ಜನವರಿಯಲ್ಲಿ ಒಂದು ಭಾನುವಾರ ಅವಳ ಜೊತೆಗಿರೋ ಹುಡುಗಿ ಬಂದಿರಲಿಲ್ಲ. "ಬ್ಯಾಗ್ ಹಿಡ್ಕೊಳ್ಳೋಕೆ ಬರ್ತೀಯಾ?" ಅಂತ ಕೇಳಿದಳು. ಬೆಳಗ್ಗೆ ಆರಕ್ಕೆ ಹೊರಟೆವು. ನಾಗರಭಾವಿ ಕಡೆ ಒಂದು ದೊಡ್ಡ ಮನೆ. ಶೂಟಿಂಗಿಗೆ ಅಂತಲೇ ಬಾಡಿಗೆಗೆ ಕೊಡೋ ಮನೆ.

ಒಳಗೆ ಕಾಲಿಟ್ಟಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅದೇ ಸೋಫಾ, ಅದೇ ಬಿಳಿ ಪರದೆ. ಹತ್ತಿರ ಹೋಗಿ ಮುಟ್ಟಿದೆ. ಪರದೆಯ ಅಂಚನ್ನು ಹೊಲಿದೇ ಇರಲಿಲ್ಲ, ಪಿನ್ ಹಾಕಿದ್ದರು. ಬಾಲ್ಕನಿಯ ಬಾಗಿಲು ತೆರೆದೆ. ಹೊರಗೆ ಮೂರು ಅಡಿ ಜಾಗ. ಅದರಾಚೆ ಚೌಕಟ್ಟಿಗೆ ಬಿಗಿದು ಕಟ್ಟಿದ ಫ್ಲೆಕ್ಸ್. ಅದರ ಮೇಲೆ ರಾತ್ರಿಯ ಬೆಂಗಳೂರು ಪ್ರಿಂಟಾಗಿತ್ತು. ಎತ್ತರದ ಕಟ್ಟಡಗಳು, ಹಳದಿ ದೀಪಗಳು. ಒಂದು ಮೂಲೆ ಬಿಸಿಲಿಗೆ ಮಾಸಿತ್ತು. ಬಗ್ಗಿ ಹಿಂದೆ ನೋಡಿದೆ. ಪಕ್ಕದ ಮನೆಯ ನೀರಿನ ಟ್ಯಾಂಕ್, ಒಂದು ತಂತಿ, ತಂತಿ ಮೇಲೆ ಎರಡು ಟವೆಲ್, ಒಂದು ನೈಟಿ.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಸಿಟ್ಟು ಬರಲಿಲ್ಲ. ಕಥೆ ಹೇಳೋರು ಸೆಟ್ ಹಾಕುತ್ತಾರೆ, ಅದು ಅವರ ಕೆಲಸ. ಆದರೆ ನಾನು ಹತ್ತು ವರ್ಷ ಆ ದೀಪಗಳಲ್ಲಿ ನನ್ನ ದೀಪ ಯಾವುದು ಅಂತ ಹುಡುಕಿದ್ದೆ.

ನಾಯಕಿ ಪಾತ್ರದ ಹುಡುಗಿ ನನಗಿಂತ ಎರಡು ಮೂರು ವರ್ಷ ದೊಡ್ಡವಳು. ಮುಂದಿನಿಂದ ನೋಡಿದರೆ ರೇಷ್ಮೆ ರವಿಕೆ. ಬೆನ್ನ ಹಿಂದೆ ಅದು ಅವಳ ಅಳತೆಗೆ ಬರಲಿ ಅಂತ ನಾಲ್ಕು ಕ್ಲಿಪ್ ಹಾಕಿದ್ದರು. ಸೀರೆಯ ಕೆಳಗೆ ಹವಾಯಿ ಚಪ್ಪಲಿ. ಶಾಟ್ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮೇಕಪ್ ಕೆಡಬಾರದು ಅಂತ ತಲೆ ನೆಟ್ಟಗಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ನಾನು ಪಿನ್ನಿನ ಡಬ್ಬಿ ಹಿಡಿದು ನಿಂತಿದ್ದೆ. ಕಣ್ಣು ಬಿಟ್ಟು "ನೀವು ಹೊಸಬರಾ?" ಅಂದಳು. ಇಲ್ಲ, ಆಫೀಸಿನಲ್ಲಿ ಕೆಲಸ ಅಂದೆ. "ಎಷ್ಟಕ್ಕೆ ಬಿಡ್ತಾರೆ?" ಆರಕ್ಕೆ ಅಂದೆ. "ಆರಕ್ಕೆ ಬಿಡ್ತಾರಾ! ಭಾನುವಾರ ರಜಾನೂ ಇರುತ್ತೆ ಅಲ್ವಾ?" ಅಂತ ಕೇಳಿದಳು. ಆ ದಿನ ಪ್ಯಾಕಪ್ ಆದಾಗ ರಾತ್ರಿ ಒಂಬತ್ತೂಕಾಲು. ಟಿವಿಯಲ್ಲಿ ನಾನು ಆಸೆಯಿಂದ ನೋಡುತ್ತಿದ್ದ ಹುಡುಗಿ ನನ್ನ ಭಾನುವಾರವನ್ನು ಆಸೆಯಿಂದ ಕೇಳಿದ್ದು ನನಗೆ ಮರೆಯೋಕೆ ಆಗಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಶಿರಾದವಳಿಗೆ ಎಲ್ಲ ಹೇಳಿದೆ. ಕೀ ಬಗ್ಗೆಯೂ ಹೇಳಿದೆ. ಅವಳೂ ಅದನ್ನೇ ಬಯಸಿದ್ದಳು. ಇನ್ನೊಬ್ಬ ರೂಂಮೇಟ್ ಸೇರಿಸಿಕೊಂಡು ಮನೆ ಮಾಡೋಣ ಅಂತ ಅವತ್ತೇ ಮಾತಾಯಿತು. ಮಾರನೇ ವಾರ ಅಂಚೆ ಕಚೇರಿಯಲ್ಲಿ ತಿಂಗಳಿಗೆ 3,000ದ ಆರ್.ಡಿ. (ಕಂತಿನ ಉಳಿತಾಯ ಖಾತೆ) ತೆಗೆದೆ. ಮನೆಗೆ ಕಳಿಸೋದು 2,500. ಪಿ.ಜಿ. ಕಳೆದು ಉಳಿಯೋದು 3,400. ಅದರಲ್ಲೇ ಮಧ್ಯಾಹ್ನದ ಊಟ, ರೀಚಾರ್ಜ್, ಔಷಧಿ. ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿತು. ಗರಿಷ್ಠ ಟಿಕೆಟ್ 60 ಇದ್ದದ್ದು 90 ಆಯಿತು. ಭಾನುವಾರದ ಎಂ.ಜಿ. ರೋಡ್ ತಿರುಗಾಟ ತಿಂಗಳಿಗೆ ಒಂದಾಯಿತು. ನನ್ನ ಆ ಕೆಫೆ ಫೋಟೊ ಆ ಒಂದು ಭಾನುವಾರದ್ದು.

ಮನೆ ಹುಡುಕಾಟ ಏಪ್ರಿಲ್‌ನಿಂದ ಜುಲೈವರೆಗೆ. ಇಪ್ಪತ್ತಮೂರು ಮನೆ ನೋಡಿದೆವು. ದುಡ್ಡಿಗಿಂತ ಪ್ರಶ್ನೆಗಳೇ ಜಾಸ್ತಿ. ಮದುವೆ ಯಾವಾಗ, ರಾತ್ರಿ ಎಷ್ಟಕ್ಕೆ ಬರ್ತೀರಿ, ಗಂಡುಮಕ್ಕಳು ಬರ್ತಾರಾ, ನಾನ್‌ವೆಜ್ ಮಾಡ್ತೀರಾ. ಶಿರಾದವಳಿಗೆ ಶೂಟಿಂಗ್ ಕೆಲಸ ಅಂದ ಕೂಡಲೇ ಮೂರು ಕಡೆ ಮುಖ ಬದಲಾಯಿತು. ಒಬ್ಬ ಆಂಟಿ "ಬೇಜಾರು ಮಾಡ್ಕೋಬೇಡಿ, ಒಂಟಿ ಹುಡುಗೀರ ವಿಷಯ ನಾವೂ ಟಿವೀಲಿ ನೋಡ್ತೀವಲ್ಲ" ಅಂದರು. ನಮ್ಮಪ್ಪ ಹೇಳಿದ ಅದೇ ಮಾತು. ಆ ದಿನ ಮೆಟ್ಟಿಲಿಳಿಯುವಾಗ ಯಾರೂ ಮಾತಾಡಲಿಲ್ಲ.

ಕೊನೆಗೆ ಹೂಡಿಯಲ್ಲಿ ಎರಡನೇ ಮಹಡಿಯ ಒಂದು ಬೆಡ್‌ರೂಮಿನ ಮನೆ. ಬಾಡಿಗೆ 15,000. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳಿದರು. ಬೆಂಗಳೂರಿನ ಹಳೇ ರೂಢಿ ಇದು. ಮಾತಾಡಿ ಐದು ತಿಂಗಳಿಗೆ ಇಳಿಸಿದೆವು. 75,000, ತಲೆಗೆ 25,000. ನನ್ನ ಆರ್.ಡಿ. ಕಂತು ಕಟ್ಟಿದ್ದು 21,000. ಆದರೆ ಅದನ್ನು ಮೂರು ವರ್ಷ ಆಗೋ ಮೊದಲು ಮುರಿಯೋಕೆ ಬರಲ್ಲ ಅಂದರು. ಇದನ್ನು ಮೊದಲೇ ಕೇಳಿಕೊಳ್ಳದೆ ತಪ್ಪು ಮಾಡಿದ್ದೆ. ಮಾಮ, ಅತ್ತಿ ಕೈಗಡ ಕೊಟ್ಟರು. ಇನ್ನೂ ತೀರಿಸುತ್ತಿದ್ದೇನೆ. ಬೇಗ ಬೇಕಾಗೋ ದುಡ್ಡನ್ನು ಯಾವಾಗ ಬೇಕಾದರೂ ತೆಗೆಯೋ ಕಡೆ ಇಡಿ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಬೇರೆ ಹೋಯಿತು.

ಕರಾರು ಹನ್ನೊಂದು ತಿಂಗಳಿಗೆ ಮಾಡುತ್ತಾರೆ. ಸಹಿ ಹಾಕೋ ಮೊದಲು ಮೂವರೂ ಕೂತು ಪ್ರತಿ ಸಾಲು ಓದಿದೆವು. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳೋ ಸಾಲು ಅದರಲ್ಲಿತ್ತು. ಹೆಚ್ಚು ಕಡಿಮೆ ಎಲ್ಲರೂ ಬರೆಸುತ್ತಾರಂತೆ. ಮೂವರ ಹೆಸರೂ ಕರಾರಿನಲ್ಲಿ ಇರಲೇಬೇಕು ಅಂತ ಹಟ ಹಿಡಿದೆವು. ಒಬ್ಬಳದೇ ಹೆಸರಿದ್ದರೆ ಉಳಿದಿಬ್ಬರಿಗೆ ನಾಳೆ ಏನೂ ಇರಲ್ಲ. ಮನೆಗೆ ಹೋದ ದಿನವೇ ಗೋಡೆ, ನಲ್ಲಿ, ಮೀಟರ್ ಎಲ್ಲದರ ಫೋಟೊ ತೆಗೆದಿಟ್ಟಿದ್ದೇವೆ. ಕೀ ಮೂರು. ಒಬ್ಬೊಬ್ಬರಿಗೆ ಒಂದು.

ಪಿ.ಜಿ.ಯವರು ಅಡ್ವಾನ್ಸಿನಲ್ಲಿ 7,500 ಕೊಡಬೇಕಿತ್ತು. ಕ್ಲೀನಿಂಗ್ ಅಂತ ಮತ್ತೆ ಹಿಡಿದುಕೊಂಡು 6,000 ಕೊಟ್ಟರು. ವಾಟ್ಸಾಪಿನಲ್ಲಿ ಬರೆಸಿಕೊಂಡಿದ್ದನ್ನು ತೋರಿಸಿದ ಮೇಲೆ, ಎರಡು ವಾರ ಓಡಾಡಿ, ಉಳಿದದ್ದೂ ಬಂತು.

ಚಿಕ್ಕಪ್ಪನ ಮಗಳಿಗೆ ಹೇಳಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಹದಿನೈದು ದಿನ ನನ್ನ ಹತ್ತಿರ ಬಂದು ಇರು. ಬೆಳಗ್ಗೆ ನನ್ನ ಜೊತೆ ಏಳು, ನೀರು ಬರೋ ಹೊತ್ತಿಗೆ ಬಕೆಟ್ ಹಿಡಿ, ಸಂಜೆ ಬಸ್ಸಿನಲ್ಲಿ ನಿಂತು ನೋಡು. ಭಾನುವಾರ ಎಂ.ಜಿ. ರೋಡಿಗೂ ಕರೆದುಕೊಂಡು ಹೋಗುತ್ತೇನೆ. ಆಮೇಲೆ ನಿರ್ಧಾರ ಮಾಡು. ಬರುವಾಗ ಆಧಾರ್, ಅಂಕಪಟ್ಟಿ ತಾ, ಹೆಸರು ತಾಳೆ ನೋಡೋಣ ಅಂತಲೂ ಹೇಳಿದ್ದೇನೆ.

ಈ ಸಲ ಪಂಚಮಿಗೆ ಊರಿಗೆ ಹೋಗೋಕೆ ಆಗಲಿಲ್ಲ. ಹಬ್ಬ ಮುಗಿದ ವಾರಕ್ಕೆ ಅವ್ವನೇ ಬಂದಳು. ಶೇಂಗಾ ಉಂಡಿ, ಎಳ್ಳುಂಡಿ, ರೊಟ್ಟಿ, ಎರಡು ಕೆ.ಜಿ. ಖಾರದ ಪುಡಿ. ಎಲ್ಲ ಒಂದು ಚೀಲಕ್ಕೆ ತುಂಬಿ, ಅದರ ಸುತ್ತ ಹಗ್ಗ ಬಿಗಿದಿದ್ದಳು. ಹಬ್ಬದಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದ ಹಗ್ಗ. ನಾನು ಮೆಟ್ಟಿಲು ಹತ್ತಿ, ಬ್ಯಾಗಿನಿಂದ ಕೀ ತೆಗೆದು ಬಾಗಿಲು ತೆರೆದೆ. ಅವ್ವ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಡುಗೆಮನೆ ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು. ಬಾಲ್ಕನಿಗೆ ಹೋದಳು. ನಾಲ್ಕು ಅಡಿ ಅಗಲ. ಎದುರು ಇನ್ನೊಂದು ಕಟ್ಟಡ, ಸಂದಿನಲ್ಲಿ ಒಂದು ಚೂರು ಆಕಾಶ, ದೂರದಲ್ಲಿ ಮೆಟ್ರೋ ಹೋಗೋದು ಕಾಣುತ್ತದೆ. ದೀಪ ಗೀಪ ಏನೂ ಕೇಳಲಿಲ್ಲ ಅವಳು.

"ಬಟ್ಟಿ ಎಲ್ಲಿ ಒಣಗ ಹಾಕ್ತಿ?" ಅಂದಳು.

ಇನ್ನೂ ಏನೂ ಕಟ್ಟಿಲ್ಲ ಅಂದೆ. ಅವ್ವ ಒಳಗೆ ಬಂದು ಚೀಲದ ಗಂಟು ಬಿಚ್ಚಿದಳು. ಕುರ್ಚಿ ತಗೊಂಡು ಬಾ ಅಂದಳು. ಒಂದು ತುದಿಯನ್ನು ಕಿಟಕಿ ಸರಳಿಗೆ ಅವಳು ಕಟ್ಟಿದಳು. ಇನ್ನೊಂದು ತುದಿ ನಾನು ಹಿಡಿದುಕೊಂಡು ಕುರ್ಚಿ ಹತ್ತಿದೆ.